ಮಾಸು ತಿನ್ನುವುದು: ಬಾಣಂತಿಯರೂ ಬಾಣಂತನಕ್ಕೆ ಹೋದವರೂ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಪರಿಚಿತರೊಬ್ಬರು ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿದ್ದರು. ಪೆಟ್ಟಿಗೆಯ ತುಂಬ ಅಂಟು, ಒಣಕೊಬ್ಬರಿ, ಬಾಣಂತಿ ಖಾರದ ಪುಡಿ. ಹೋದ ಮೂರನೆಯ ದಿನ ಫ್ರಿಜ್ಜಿನ ಬಾಗಿಲಲ್ಲಿ ಕಂದು ಗಾಜಿನ ಸೀಸೆಯೊಂದು ಕಂಡಿತು. ವಿಟಮಿನ್ ಮಾತ್ರೆ ಇರಬೇಕೆಂದುಕೊಂಡು, ಮೂರು ಹೊತ್ತೂ ನೀರಿನ ಲೋಟದ ಜೊತೆ ತಾವೇ ಎರಡೆರಡು ಗುಳಿಗೆ ತೆಗೆದು ಮಗಳ ಕೈಗೆ ಹಾಕುತ್ತಿದ್ದರು. ವಾರ ಕಳೆದ ಮೇಲೆ ಅಳಿಯ ಅದೇನೆಂದು ಹೇಳಿದ. ಅಲ್ಲಿನ ಹಗಲು ಇಲ್ಲಿನ ನಡುರಾತ್ರಿ ಎಂಬುದನ್ನೂ ಮರೆತು ಅವರು ನನಗೆ ಫೋನ್ ಮಾಡಿದರು: "ಮಾಸನ್ನು ಒಣಗಿಸಿ ಪುಡಿ ಮಾಡಿ ತುಂಬಿದ್ದಾರಂತೆ. ನಾನೇ ಕೈಯಾರೆ ಕೊಟ್ಟೆನಲ್ಲ!"

ನಾನು ಹೆರಿಗೆ ವಾರ್ಡಿನಲ್ಲಿ ಹದಿನೆಂಟು ವರ್ಷ ದಾದಿಯಾಗಿದ್ದವಳು. ಆ ರಾತ್ರಿ ಅವರು ಕೇಳಿದ್ದು, ಆಮೇಲೆ ಅವರ ಮಗಳು ಕೇಳಿದ್ದು, ಮಗಳ ಗೆಳತಿಯರು ಕೇಳಿದ್ದು ಎಲ್ಲವನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮಾಸು ಎಂದರೆ ಯಾವುದು? ಕಸ, ಜರಾಯು ಎನ್ನುವುದೂ ಅದನ್ನೇ?

ಹೌದು. ಪಠ್ಯಪುಸ್ತಕದಲ್ಲಿ ಜರಾಯು, ವೈದ್ಯರ ಬಾಯಲ್ಲಿ ಪ್ಲಾಸೆಂಟಾ, ಮನೆಯಲ್ಲಿ ಮಾಸು ಅಥವಾ ಕಸ. ಗರ್ಭಕೋಶದ ಗೋಡೆಗೆ ಅಂಟಿಕೊಂಡು, ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಆಮ್ಲಜನಕವನ್ನೂ ಆಹಾರವನ್ನೂ ಕೊಟ್ಟು, ಮಗುವಿನ ಕೊಳೆಯನ್ನು ತಾಯಿಯ ರಕ್ತಕ್ಕೆ ದಾಟಿಸುವ ಅಂಗ. ಮಗು ಹುಟ್ಟಿದ ಮೇಲೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನೇ ಕಳಚಿ ಬೀಳುತ್ತದೆ.

ನೋಡದವರಿಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ದಿನ ತುಂಬಿದ ಮಾಸು ಸುಮಾರು ಅರ್ಧ ಕಿಲೋ ತೂಗುತ್ತದೆ. ಅಗಲದಲ್ಲಿ ಒಂದು ಜೋಳದ ರೊಟ್ಟಿಯಷ್ಟು, ನಡುವೆ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ದಪ್ಪ. ಅದು ಬಿದ್ದ ಕೂಡಲೇ ಸ್ಟೀಲ್ ತಟ್ಟೆಯಲ್ಲಿ ಹರಡಿ ಪರೀಕ್ಷಿಸುವುದು ನಮ್ಮ ಕೆಲಸ. ಮಗುವಿನ ಕಡೆಯ ಮುಖ ನುಣುಪಾಗಿ, ಬೂದು-ನೀಲಿ ಬಣ್ಣದಲ್ಲಿ ಹೊಳೆಯುತ್ತದೆ. ಬಳ್ಳಿ ಅಂಟಿದ ಜಾಗದಿಂದ ರಕ್ತನಾಳಗಳು ಮರದ ಬೇರಿನಂತೆ ನಾಲ್ಕೂ ಕಡೆ ಹರಡಿರುತ್ತವೆ. ಮಗುಚಿ ಹಾಕಿದರೆ ತಾಯಿಯ ಕಡೆಯ ಮುಖ: ಕಡುಗೆಂಪು, ಒರಟು, ಹದಿನೈದು ಇಪ್ಪತ್ತು ಹಾಲೆಗಳಾಗಿ ಬಿರುಕುಬಿಟ್ಟ ಕೆರೆಯಂಗಳದಂತೆ. ಆ ಹಾಲೆಗಳಲ್ಲಿ ಒಂದೂ ತಪ್ಪಿಲ್ಲವೆಂದು ಬೆರಳಿನಿಂದ ಒತ್ತಿ ನೋಡಬೇಕು. ಒಂದು ಚೂರು ಒಳಗೆ ಉಳಿದರೂ ರಕ್ತಸ್ರಾವ ನಿಲ್ಲದೆ ತಾಯಿಯ ಜೀವಕ್ಕೇ ಬರಬಹುದು. ಈ "ಒಳಗೆ ಉಳಿದ ಚೂರು" ಎಂಬ ಮಾತನ್ನು ನೆನಪಿಟ್ಟುಕೊಳ್ಳಿ, ಹಾಲಿನ ಪ್ರಶ್ನೆಯಲ್ಲಿ ಮತ್ತೆ ಬೇಕಾಗುತ್ತದೆ.

ಜನ ಅದನ್ನು ನಿಜವಾಗಿಯೂ ತಿನ್ನುತ್ತಾರೆಯೇ? ಹೇಗೆ?

ತಿನ್ನುತ್ತಾರೆ. ಹಸಿ ತುಂಡನ್ನು ಹಣ್ಣಿನ ಜೊತೆ ರುಬ್ಬಿ ಕುಡಿಯುವವರಿದ್ದಾರೆ, ಮಾಂಸದಂತೆ ಬೇಯಿಸಿ ತಿನ್ನುವವರಿದ್ದಾರೆ. ಆದರೆ ಹೆಚ್ಚಿನವರು ಆರಿಸಿಕೊಳ್ಳುವುದು ಕ್ಯಾಪ್ಸೂಲನ್ನು. ಮಾಸನ್ನು ತೊಳೆದು, ಕೆಲವೊಮ್ಮೆ ಹಬೆಯಲ್ಲಿ ಬೇಯಿಸಿ, ತೆಳುವಾಗಿ ಹೆಚ್ಚಿ, ಹಣ್ಣು ಒಣಗಿಸುವಂಥ ಯಂತ್ರದಲ್ಲಿ ಒಣಗಿಸಿ, ಪುಡಿ ಮಾಡಿ ತುಂಬುತ್ತಾರೆ. ಒಂದು ಮಾಸಿನಿಂದ ನೂರಕ್ಕೂ ಹೆಚ್ಚು ಗುಳಿಗೆಗಳಾಗುತ್ತವೆ. ಅಮೆರಿಕದಲ್ಲಿ ಇದನ್ನು ಮಾಡಿಕೊಡುವವರ ದಂಧೆಯೇ ಇದೆ. ಕೆಲವು ನೂರು ಡಾಲರ್ ಕೊಟ್ಟರೆ ಸೀಸೆ ಮನೆ ಬಾಗಿಲಿಗೆ ಬರುತ್ತದೆ.

ಎಷ್ಟು ಜನ ಹೀಗೆ ಮಾಡುತ್ತಾರೆ?

ಅಮೆರಿಕದಲ್ಲಿ ಮನೆಯಲ್ಲಿ ಅಥವಾ ಸಣ್ಣ ಹೆರಿಗೆ ಕೇಂದ್ರಗಳಲ್ಲಿ ಹೆರಿಗೆ ಯೋಜಿಸಿಕೊಂಡ 23,242 ತಾಯಂದಿರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 31ರಷ್ಟು ಜನ ಯಾವುದೋ ಒಂದು ರೂಪದಲ್ಲಿ ಮಾಸು ಸೇವಿಸಿದ್ದರು. ಮೊದಲೇ ಆಸ್ಪತ್ರೆ ಬೇಡವೆಂದು ನಿರ್ಧರಿಸಿದ ಗುಂಪು ಇದು. ಇಡೀ ಅಮೆರಿಕವೇ ಹೀಗೆ ಎಂದುಕೊಳ್ಳಬೇಡಿ.

ಇದು ಪುರಾತನ ಸಂಪ್ರದಾಯ ಎನ್ನುತ್ತಾರಲ್ಲ?

ಮಾರುವವರು ಹಾಗೆ ಹೇಳುತ್ತಾರೆ. ನೆವಾಡಾ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞರಾದ ಶರಾನ್ ಯಂಗ್ ಮತ್ತು ಡೇನಿಯಲ್ ಬೆನಿಶೆಕ್ 2010ರಲ್ಲಿ ಜಗತ್ತಿನ 179 ಸಮಾಜಗಳ ವಿವರಗಳನ್ನು ಜಾಲಾಡಿದರು. ಹೆತ್ತ ತಾಯಿ ತನ್ನ ಮಾಸನ್ನು ತಾನೇ ತಿನ್ನುವ ರೂಢಿ ಅವುಗಳಲ್ಲಿ ಒಂದರಲ್ಲಿಯೂ ಸಿಗಲಿಲ್ಲ. ಹೂಳುವುದು, ಸುಡುವುದು, ಮರಕ್ಕೆ ಕಟ್ಟುವುದು ಧಾರಾಳವಾಗಿ ಸಿಕ್ಕವು. ನ್ಯೂಜಿಲೆಂಡಿನ ಮಾವೋರಿ ಭಾಷೆಯಲ್ಲಿ ಮಾಸಿಗೂ ನೆಲಕ್ಕೂ ಒಂದೇ ಪದ: ವೆನುವಾ. ಕುಲದ ನೆಲದಲ್ಲಿ ಮಾಸು ಹೂಳುವುದು ಅವರಿಗೆ ಮಗುವನ್ನು ಆ ನೆಲಕ್ಕೆ ಕಟ್ಟಿಹಾಕಿದಂತೆ.

ಚೀನಾದ ಹೆಸರನ್ನೂ ತರುತ್ತಾರೆ. ಅಲ್ಲಿನ ಸಾಂಪ್ರದಾಯಿಕ ವೈದ್ಯದಲ್ಲಿ ಒಣಗಿದ ಮಾಸು ಔಷಧ ಎಂಬುದು ನಿಜ. ಹದಿನಾರನೆಯ ಶತಮಾನದ ಲಿ ಷಿಜೆನ್ನನ ಔಷಧಕೋಶದಲ್ಲಿಯೂ ಅದಿದೆ. ಆದರೆ ಅದು ಕ್ಷೀಣಿಸಿದ ರೋಗಿಗಳಿಗೆ, ಸಂತಾನಹೀನರಿಗೆ ಬೇರೆ ವಸ್ತುಗಳೊಡನೆ ಬೆರೆಸಿ ಕೊಡುತ್ತಿದ್ದ ಔಷಧ, ಬಾಣಂತಿಯ ಆಹಾರವಲ್ಲ. ಹೆತ್ತವಳೇ ತನ್ನ ಮಾಸು ತಿನ್ನುವ ಈಗಿನ ರೂಢಿ 1970ರ ದಶಕದ ಅಮೆರಿಕದಲ್ಲಿ, ಆಸ್ಪತ್ರೆಯ ಹೆರಿಗೆಯಿಂದ ಬೇಸತ್ತು "ಸಹಜ ಹೆರಿಗೆ"ಯ ಕಡೆ ಹೊರಳಿದವರ ನಡುವೆ ಹುಟ್ಟಿತು. ಮುಂದೆ ಸಿನಿಮಾ-ಟಿವಿ ತಾರೆಯರು ಅದಕ್ಕೆ ರೆಕ್ಕೆ ಕಟ್ಟಿದರು. ನಟಿ ಜನ್ಯುವರಿ ಜೋನ್ಸ್ 2012ರಲ್ಲಿ, ಕಿಮ್ ಕರ್ಡಾಶಿಯನ್ 2015ರಲ್ಲಿ ತಾವು ಗುಳಿಗೆ ತೆಗೆದುಕೊಂಡದ್ದನ್ನು ಹೇಳಿಕೊಂಡ ಮೇಲೆ ಅದು ಮನೆಮಾತಾಯಿತು. ಅಂದರೆ ಈ "ಪುರಾತನ ಸಂಪ್ರದಾಯ" ನನಗಿಂತ ಚಿಕ್ಕದು.

ಪ್ರಾಣಿಗಳೆಲ್ಲ ತಿನ್ನುತ್ತವಲ್ಲ? ಪ್ರಕೃತಿಗೆ ತಿಳಿಯದೇ?

ಬಹುತೇಕ ಸಸ್ತನಿಗಳು ತಿನ್ನುತ್ತವೆ, ಹುಲ್ಲು ಮೇಯುವ ಹಸುವೂ ಸೇರಿ. ತಿನ್ನದವರ ಸಾಲಿನಲ್ಲಿ ಒಂಟೆ, ತಿಮಿಂಗಿಲ ಮತ್ತು ನಾವು. ಅಮೆರಿಕದ ಬಫಲೋ ನಗರದ ಮಾರ್ಕ್ ಕ್ರಿಸ್ಟಲ್ ಎಂಬ ವಿಜ್ಞಾನಿ ದಶಕಗಳ ಕಾಲ ಇದನ್ನೇ ಅಭ್ಯಾಸ ಮಾಡಿ, ಹೆರುವ ಇಲಿ ಮಾಸು ಮತ್ತು ಗರ್ಭಜಲವನ್ನು ತಿಂದರೆ ಅದರ ಮೈ ತಾನೇ ಹುಟ್ಟಿಸಿಕೊಳ್ಳುವ ನೋವುನಿವಾರಕದ ಬಲ ಹೆಚ್ಚುತ್ತದೆ ಎಂದು ತೋರಿಸಿದರು. ಇಲಿ ತಿನ್ನುವುದು ಹೆರುತ್ತಿರುವಾಗಲೇ, ಬಿಸಿಬಿಸಿಯಾಗಿ. ನಾಲ್ಕು ದಿನದ ಮೇಲೆ ಒಣ ಪುಡಿಯಾಗಿ ಅಲ್ಲ.

ಇನ್ನು ಹಸುವಿನ ವಿಷಯ. ನಮ್ಮ ಅಜ್ಜಿಯ ಮನೆಯಲ್ಲಿ ಹಸು ಈದ ರಾತ್ರಿ ಯಾರಾದರೊಬ್ಬರು ಕೊಟ್ಟಿಗೆಯಲ್ಲಿ ಕಾವಲು ಕೂರಲೇಬೇಕಿತ್ತು. ಲಾಟೀನು, ಮಡಿಲಲ್ಲಿ ಕೋಲು, ತೂಕಡಿಕೆ. ಕಸ ಬಿದ್ದದ್ದೇ ತಡ, ಹಸು ಕತ್ತು ತಿರುಗಿಸಿ ಬಾಯಿ ಹಾಕುವ ಮೊದಲು ಎಳೆದುಕೊಳ್ಳಬೇಕು. ತಿಂದರೆ ಹಾಲು ಬತ್ತುತ್ತದೆ ಎಂಬುದು ಅಜ್ಜಿಯ ನಂಬಿಕೆ. ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಹೊಟ್ಟೆ ಕೆಡುತ್ತದೆ ಎಂಬುದು ಪಶುವೈದ್ಯರ ಎಚ್ಚರಿಕೆ. ಬೆಳಗ್ಗೆ ಅದನ್ನು ಹುಲ್ಲಿನಲ್ಲಿ ಸುತ್ತಿ, ಹಳೆಯ ಗೋಣಿಯಲ್ಲಿ ಕಟ್ಟಿ, ಊರ ಹೊರಗಿನ ಆಲದ ಮರಕ್ಕೆ ನೇತುಹಾಕಿ ಬರುತ್ತಿದ್ದರು. ಆಲ ಹಾಲು ಸುರಿಸುವ ಮರ, ಹಸುವಿಗೂ ಹಾಲು ಹಾಗೆಯೇ ಇಳಿಯಲಿ ಎಂದು. ಪ್ರಾಣಿಗಳನ್ನು ನೋಡಿ ಕಲಿಯಿರಿ ಎನ್ನುವವರಿಗೆ, ಪ್ರಾಣಿಗಳ ಜೊತೆಯಲ್ಲೇ ಬದುಕಿದವರು ಅವುಗಳ ಬಾಯಿಂದ ಇದನ್ನು ಕಿತ್ತುಕೊಳ್ಳುತ್ತಿದ್ದರೆಂದು ಹೇಳಬೇಕೆನಿಸುತ್ತದೆ.

ನಮ್ಮ ಕಡೆ ಮನುಷ್ಯರ ಮಾಸನ್ನು ಏನು ಮಾಡುತ್ತಿದ್ದರು?

ಮನೆಯಲ್ಲಿ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಸೂಲಗಿತ್ತಿಯೋ ಮನೆಯ ಹಿರಿಯರೋ ಹಿತ್ತಲಲ್ಲಿ, ನಾಯಿ ಕೆದಕದಷ್ಟು ಆಳಕ್ಕೆ ಗುಂಡಿ ತೋಡಿ ಹೂಳುತ್ತಿದ್ದರು. ಅರಿಶಿನ ಕುಂಕುಮ ಹಾಕಿ, ಮೇಲೊಂದು ಚಪ್ಪಡಿ ಇಡುವ ಮನೆಗಳೂ ಇದ್ದವು. ಈಗ ಕರ್ನಾಟಕದ ಹೆರಿಗೆಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಆಸ್ಪತ್ರೆಯಲ್ಲೇ ಆಗುವುದರಿಂದ ಮಾಸು ಹಿತ್ತಲು ಸೇರುವುದಿಲ್ಲ, ಆಸ್ಪತ್ರೆಯ ತ್ಯಾಜ್ಯದ ಹಳದಿ ಚೀಲ ಸೇರುತ್ತದೆ.

ಎದೆಹಾಲು ಹೆಚ್ಚುತ್ತದೆಯೇ?

ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ. ಎಲ್ಲಕ್ಕಿಂತ ತಲೆಕೆಳಗಾದ ನಂಬಿಕೆಯೂ ಇದೇ.

ಬಸುರಿಯ ಸ್ತನಗಳು ಹೆರಿಗೆಗೆ ಬಹಳ ಮೊದಲೇ ಹಾಲು ತಯಾರಿಸಲು ಅಣಿಯಾಗಿರುತ್ತವೆ. ಆದರೂ ಹಾಲು ಧಾರೆಯಾಗಿ ಇಳಿಯುವುದಿಲ್ಲ, ಏಕೆಂದರೆ ಮಾಸು ಸುರಿಸುತ್ತಿರುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಅದಕ್ಕೆ ಅಡ್ಡ ನಿಂತಿರುತ್ತದೆ. ಮಾಸು ಬಿದ್ದ ಮೇಲೆ ಆ ಹಾರ್ಮೋನು ದಡಬಡನೆ ಇಳಿಯುತ್ತದೆ. ಎರಡನೆಯ ಮೂರನೆಯ ದಿನ ಎದೆ ಬಿಗಿದು ಹಾಲು ತುಂಬುತ್ತದೆ. ಹಾಲಿಗೆ ಅಪ್ಪಣೆ ಸಿಗುವುದು ಮಾಸು ಹೋದದ್ದರಿಂದ. ಮೊದಲು ಹೇಳಿದ ಆ ಒಳಗೆ ಉಳಿದ ಚೂರು ನೆನಪಿದೆಯಲ್ಲ? ಬಾಣಂತಿಗೆ ನಾಲ್ಕನೆಯ ದಿನವೂ ಹಾಲು ಇಳಿಯದಿದ್ದರೆ ನಾವು ಅನುಮಾನಿಸುವ ಕಾರಣಗಳಲ್ಲಿ ಅದೂ ಒಂದು. ಇಷ್ಟು ಗೊತ್ತಿದ್ದ ಮೇಲೆ, ಹಾಲಿಗಾಗಿ ಮಾಸನ್ನೇ ಮತ್ತೆ ಒಳಗೆ ಹಾಕಿಕೊಳ್ಳುವುದು ಅತಿಥಿಯನ್ನು ಬಾಗಿಲ ತನಕ ಬಿಟ್ಟುಬಂದು ಹಿಂಬಾಗಿಲಿಂದ ಕರೆದಂತೆ.

ಗುಳಿಗೆಯಲ್ಲಿ ಅಡ್ಡಿ ಮಾಡುವಷ್ಟು ಹಾರ್ಮೋನು ಉಳಿದಿರುತ್ತದೆಯೇ ಎನ್ನುವುದು ಬೇರೆ ಮಾತು. ಬೇಯಿಸಿ ಒಣಗಿಸುವಾಗ ಬಹಳಷ್ಟು ನಾಶವಾಗುತ್ತದೆ, ಪ್ರೋಟೀನ್ ರೂಪದ ಹಾರ್ಮೋನುಗಳನ್ನು ಹೊಟ್ಟೆ ಅರಗಿಸಿಬಿಡುತ್ತದೆ. ಹಾರ್ಮೋನು ಉಳಿಯದಿದ್ದರೆ ಲಾಭವಿಲ್ಲ, ಉಳಿದರೆ ಹಾಲಿಗೆ ಅಡ್ಡಿಯಾಗಬಹುದು. 1954ರಲ್ಲಿ ಚೆಕೊಸ್ಲೊವಾಕಿಯಾದಿಂದ ಬಂದ ಒಂದು ವರದಿ ಹಾಲು ಹೆಚ್ಚಿತೆಂದು ಹೇಳಿದ್ದನ್ನು ಈಗಲೂ ಎತ್ತಿ ತೋರಿಸುತ್ತಾರೆ. ಅದನ್ನು ನಡೆಸಿದ ರೀತಿ ಇಂದಿನ ಯಾವ ಅಳತೆಗೂ ನಿಲ್ಲುವುದಿಲ್ಲ.

ಹಾಲು ಹೆಚ್ಚಲು ಮಗುವನ್ನು ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿ, ಆಮೇಲೆ ಕೇಳಿದಾಗಲೆಲ್ಲ ಕುಡಿಸಿ. ಸಬ್ಬಸಿಗೆ, ಅಳ್ವಿ ಪಾಯಸ, ಬೆಳ್ಳುಳ್ಳಿಯ ಸಾರಿನ ಬಗ್ಗೆ ನನ್ನದು ತಕರಾರಿಲ್ಲ; ಅವು ಏನಿಲ್ಲವೆಂದರೂ ಒಳ್ಳೆಯ ಊಟ.

ರಕ್ತಹೀನತೆಗೆ? ಮಾಸಿನಲ್ಲಿ ಕಬ್ಬಿಣ ಇರುತ್ತದಲ್ಲ?

ಇರುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಯಂಗ್ ಮತ್ತು ಬೆನಿಶೆಕ್ ತಂಡ ಗುಳಿಗೆಗಳಲ್ಲಿನ ಕಬ್ಬಿಣವನ್ನು ಅಳೆಯಿತು. ದಿನಕ್ಕೆ ಹೆಚ್ಚೆಂದರೆ ಎಷ್ಟು ನುಂಗಲು ಹೇಳುತ್ತಾರೋ ಅಷ್ಟರಲ್ಲಿ ಇದ್ದದ್ದು ಎರಡು ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚು. ಆಶಾ ಕಾರ್ಯಕರ್ತೆ ಮನೆಗೆ ತಂದುಕೊಡುವ ಕಬ್ಬಿಣಾಂಶದ ಮಾತ್ರೆಯಲ್ಲಿ 60 ಮಿಲಿಗ್ರಾಂ ಇದೆ, ಜೊತೆಗೆ ಫೋಲಿಕ್ ಆಮ್ಲ. ಹೆರಿಗೆಯ ನಂತರ 180 ದಿನ ತೆಗೆದುಕೊಳ್ಳಬೇಕು, ಹಣ ಕೊಡಬೇಕಿಲ್ಲ. ಅದೇ ತಂಡ 23 ಬಾಣಂತಿಯರಲ್ಲಿ ಕೆಲವರಿಗೆ ಮಾಸಿನ ಗುಳಿಗೆ, ಉಳಿದವರಿಗೆ ಅದರಂತೆಯೇ ಕಾಣುವ ಗೋಮಾಂಸದ ಗುಳಿಗೆ ಕೊಟ್ಟು ರಕ್ತ ಪರೀಕ್ಷಿಸಿದಾಗ, ಕಬ್ಬಿಣದ ಮಟ್ಟದಲ್ಲಿ ಗಣನೀಯ ವ್ಯತ್ಯಾಸ ಸಿಗಲಿಲ್ಲ.

ಮಾಸಿನ ಕಬ್ಬಿಣ ವ್ಯರ್ಥವಾಗಬಾರದೆಂಬ ಆಸೆ ಇದ್ದರೆ ಅದಕ್ಕೊಂದು ಒಳ್ಳೆಯ ದಾರಿ ಇದೆ. ಮಗು ಹುಟ್ಟಿದ ತಕ್ಷಣ ಬಳ್ಳಿ ಕತ್ತರಿಸದೆ ಒಂದರಿಂದ ಮೂರು ನಿಮಿಷ ಕಾಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟರಲ್ಲಿ ಮಾಸಿನಲ್ಲಿರುವ 80ರಿಂದ 100 ಮಿಲಿಲೀಟರಿನಷ್ಟು ರಕ್ತ ಮಗುವಿಗೆ ಹರಿದು, ಮುಂದಿನ ತಿಂಗಳುಗಳಿಗೆ ಕಬ್ಬಿಣದ ಗಂಟು ಕೊಟ್ಟಂತಾಗುತ್ತದೆ. ಬಳ್ಳಿ ಬೆರಳಿನಡಿ ಮಿಡಿಯುತ್ತಿದ್ದು, ನಿಧಾನಕ್ಕೆ ಬಿಳಿಚಿ, ಮೆತ್ತಗಾಗಿ ನಿಂತುಹೋಗುವುದನ್ನು ನಾನು ಎಷ್ಟೋ ಬಾರಿ ಹಿಡಿದು ನೋಡಿದ್ದೇನೆ. ಹೆರಿಗೆಗೆ ಮೊದಲೇ ವೈದ್ಯರ ಬಳಿ ಇದನ್ನು ಕೇಳಿಕೊಳ್ಳಿ.

ಬಾಣಂತಿಯ ಖಿನ್ನತೆ ತಡೆಯುತ್ತದೆಯೇ?

ಮೇಲೆ ಹೇಳಿದಂಥದೇ ಜೋಡಿ ಗುಳಿಗೆಗಳ ಪರೀಕ್ಷೆಯಲ್ಲಿ, ಯಾರು ಏನು ನುಂಗುತ್ತಿದ್ದಾರೆಂದು ಅವರಿಗೂ ಸಂಶೋಧಕರಿಗೂ ತಿಳಿಯದಂತೆ, 27 ಮಹಿಳೆಯರ ಮನಸ್ಥಿತಿಯನ್ನೂ ಆಯಾಸವನ್ನೂ ಅಳೆದರು. ಹಾರ್ಮೋನುಗಳಲ್ಲಿ ಸಣ್ಣ ಏರಿಳಿತ ಕಂಡಿತು. ಮನಸ್ಸಿನ ವಿಷಯದಲ್ಲಿ ಎರಡು ಗುಂಪುಗಳ ನಡುವೆ ಗಟ್ಟಿಯಾದ ವ್ಯತ್ಯಾಸವೇನೂ ಇರಲಿಲ್ಲ. ಪರೀಕ್ಷೆ ಚಿಕ್ಕದು, ಒಪ್ಪುತ್ತೇನೆ. ಆದರೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯವನ್ನು ಮಾರುವವರೂ ತಂದು ತೋರಿಸಿಲ್ಲ.

ನನ್ನ ನಿಜವಾದ ಆತಂಕ ಇರುವುದು ಇಲ್ಲಿ. ಹೆರಿಗೆಯಾದ ಮೂರು-ಐದು ದಿನಕ್ಕೆ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ, ಎರಡು ವಾರದಲ್ಲಿ ತಾನೇ ಹೋಗುತ್ತದೆ. ಗುಳಿಗೆ ನುಂಗುತ್ತಿದ್ದವರು ಅದರಿಂದಲೇ ಹೋಯಿತು ಎನ್ನುತ್ತಾರೆ. ಎರಡು ವಾರ ದಾಟಿದರೂ ಹೋಗದ ಖಿನ್ನತೆ ಬೇರೆಯೇ ಕಾಯಿಲೆ. ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯ ಪ್ರಕಾರ ನೂರರಲ್ಲಿ 22 ತಾಯಂದಿರನ್ನು ಅದು ಕಾಡುತ್ತದೆ. ಇನ್ನು ನಿದ್ದೆಗೆಟ್ಟು, ಇಲ್ಲದ ದನಿ ಕೇಳಿ, ಮಗುವಿನ ಮೇಲೆಯೇ ಅನುಮಾನ ಹುಟ್ಟುವ ಬಾಣಂತಿ ಸನ್ನಿ ತುರ್ತುಸ್ಥಿತಿ. ಇವೆರಡಕ್ಕೂ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಬೇರ್ಪಡಿಸದೆ ಒಟ್ಟಿಗೆ ಇರಿಸಿಕೊಂಡು ನೋಡುವ ವಾರ್ಡ್ ಇದೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೇ ಮಾತನಾಡುತ್ತಾರೆ. ಗುಳಿಗೆ ಇದೆಯಲ್ಲ ಎಂದು ಈ ಕರೆಯನ್ನು ಮುಂದೂಡಬೇಡಿ.

"ನನಗೆ ಗುಣ ಕಂಡಿತು" ಎನ್ನುವವರು ಸುಳ್ಳು ಹೇಳುತ್ತಾರೆಯೇ?

ಇಲ್ಲ. ಅವರಿಗೆ ನಿಜವಾಗಿಯೂ ಹಾಗೆನಿಸಿದೆ. ಮೊದಲ ತಿಂಗಳು ಕಳೆದಂತೆ ಬಾಣಂತಿ ಹೇಗಿದ್ದರೂ ಚೇತರಿಸಿಕೊಳ್ಳುತ್ತಾಳೆ. ದುಡ್ಡು ಕೊಟ್ಟು ತಂದದ್ದು ಕೆಲಸ ಮಾಡಲೇಬೇಕೆಂಬ ನಿರೀಕ್ಷೆಯೂ ಅರ್ಧ ಔಷಧವೇ.

ಇದರ ಜೊತೆ ಇನ್ನೊಂದು ಮಾತು. ಈ ಗುಳಿಗೆ ಹುಟ್ಟಿದ ನಾಡಿನಲ್ಲಿ ಹೆರಿಗೆಯ ಎರಡನೆಯ ದಿನ ತಾಯಿ-ಮಗು ಮನೆಗೆ, ಎಷ್ಟೋ ಜನ ಆರು ವಾರದೊಳಗೆ ಕೆಲಸಕ್ಕೆ. ಎಣ್ಣೆ ಹಚ್ಚಿ ನೀರು ಹಾಕುವವರಿಲ್ಲ, ರಾತ್ರಿ ಮಗು ಎತ್ತಿಕೊಳ್ಳುವ ಇನ್ನೊಂದು ಕೈಯಿಲ್ಲ. "ಇದು ನಿನ್ನ ಆರೈಕೆಗೆ" ಎಂದು ಯಾರೋ ಒಂದು ಸೀಸೆ ತಂದುಕೊಟ್ಟರೆ ಅದು ಪ್ರಿಯವಾಗದೆ ಇರುತ್ತದೆಯೇ? ಹಾಗೆಂದು ನಮ್ಮ ಬಾಣಂತನದ ಕತ್ತಲ ಕೋಣೆ, ನೀರು ಕುಡಿಯಬಾರದೆಂಬ ಕಟ್ಟಳೆ, ಹಸುಳೆಯ ಪಕ್ಕದಲ್ಲೇ ಕೆಂಡದ ಹೊಗೆ ಇವನ್ನೆಲ್ಲ ನಾನು ಹೊಗಳುತ್ತಿಲ್ಲ.

ಅಪಾಯ ಏನಾದರೂ ಇದೆಯೇ?

ಅಮೆರಿಕದ ಒರೆಗಾನ್ ರಾಜ್ಯದಲ್ಲಿ 2016ರ ಸೆಪ್ಟೆಂಬರಿನಲ್ಲಿ ನಡೆದದ್ದನ್ನು ಕೇಳಿ. ದಿನ ತುಂಬಿ ಹುಟ್ಟಿದ ಮಗುವಿಗೆ ಹುಟ್ಟಿದ ಸ್ವಲ್ಪ ಹೊತ್ತಿಗೇ ಉಸಿರಾಟದ ತೊಂದರೆ; ರಕ್ತದಲ್ಲಿ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ. 11 ದಿನ ಆ್ಯಂಟಿಬಯೋಟಿಕ್ ಕೊಟ್ಟು ಮನೆಗೆ ಕಳಿಸಿದರು. ಐದೇ ದಿನಕ್ಕೆ ಮಗು ಮತ್ತೆ ಆಸ್ಪತ್ರೆಗೆ, ಅದೇ ಬ್ಯಾಕ್ಟೀರಿಯಾ. ಎದೆಹಾಲು ಪರೀಕ್ಷಿಸಿದರೆ ಅದರಲ್ಲಿಲ್ಲ. ಆಗ ತಾಯಿ ದಿನಕ್ಕೆ ಮೂರು ಬಾರಿ ಎರಡೆರಡು ಮಾಸಿನ ಗುಳಿಗೆ ತೆಗೆದುಕೊಳ್ಳುತ್ತಿದ್ದದ್ದು ವೈದ್ಯರ ಗಮನಕ್ಕೆ ಬಂತು. ಗುಳಿಗೆ ಬಿಚ್ಚಿ ಪರೀಕ್ಷಿಸಿದರೆ ಅದೇ ಬ್ಯಾಕ್ಟೀರಿಯಾ ಒಳಗೆ ಜೀವಂತವಾಗಿತ್ತು. ಮಗುವಿನ ರಕ್ತದಲ್ಲಿದ್ದುದಕ್ಕೂ ಇದಕ್ಕೂ ವ್ಯತ್ಯಾಸ ಹೇಳಲಾಗಲಿಲ್ಲ. ಅಮೆರಿಕದ ರೋಗನಿಯಂತ್ರಣ ಕೇಂದ್ರ ಸಿಡಿಸಿ 2017ರ ಜೂನ್‌ನಲ್ಲಿ ಇದನ್ನು ವರದಿ ಮಾಡಿ, ಮನೆಯ ಇತರರಿಂದ ಬಂದಿರುವ ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕಲಾಗದು ಎಂದು ಹೇಳುತ್ತಲೇ, ಈ ಗುಳಿಗೆಗಳಿಂದ ದೂರವಿರಿ ಎಂದಿತು. ಮಗು ಬದುಕಿತು. ಮರುವರ್ಷ ಕೆನಡಾದ ಆರೋಗ್ಯ ಇಲಾಖೆಯೂ ಎಚ್ಚರಿಕೆ ಕೊಟ್ಟಿತು.

ಮತ್ತೊಂದು ಪ್ರಕರಣದಲ್ಲಿ, ಗುಳಿಗೆ ತೆಗೆದುಕೊಳ್ಳುತ್ತಿದ್ದ ತಾಯಿಯ ಮೂರು ತಿಂಗಳ ಹೆಣ್ಣುಮಗುವಿಗೆ ಸ್ತನ ಉಬ್ಬಿ, ಯೋನಿಯಲ್ಲಿ ರಕ್ತ ಕಾಣಿಸಿಕೊಂಡಿತ್ತು.

ಇನ್ನೊಂದು ಪಕ್ಕವನ್ನೂ ಹೇಳದಿದ್ದರೆ ಮೋಸವಾಗುತ್ತದೆ. ಆ 23,242 ತಾಯಂದಿರ ಅಧ್ಯಯನದಲ್ಲಿ, ಮಾಸು ಸೇವಿಸಿದವರ ಮಕ್ಕಳಿಗೆ ಮೊದಲ ವಾರಗಳಲ್ಲಿ ಹೆಚ್ಚಿನ ತೊಂದರೆ ಕಂಡುಬರಲಿಲ್ಲ. ಅಂದರೆ ಅಪಾಯ ಅಪರೂಪ. ಆದರೆ ಲಾಭ ಸೊನ್ನೆಯಾಗಿರುವಾಗ ಅಪರೂಪದ ಅಪಾಯವನ್ನಾದರೂ ಏಕೆ ಕೊಳ್ಳಬೇಕು ಎಂಬುದು ನನ್ನ ವಾದ.

ಚೆನ್ನಾಗಿ ಬೇಯಿಸಿದರೆ ಕ್ರಿಮಿ ಸಾಯುತ್ತದಲ್ಲ?

ಚೆನ್ನಾಗಿ ಬೇಯಿಸಿದರೆ ಬಹುತೇಕ ಸಾಯುತ್ತದೆ. ಒರೆಗಾನ್‌ನ ಗುಳಿಗೆ ಮಾಡಿದವರು ಒಣಗಿಸುವಾಗ ಬಳಸಿದ್ದ ಶಾಖ 46ರಿಂದ 71 ಡಿಗ್ರಿ ಸೆಲ್ಸಿಯಸ್. ಕೆಳಗಿನ ಅಂಚು ಕೈಗೆ ಹಿತವಾದ ಬಿಸಿನೀರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಎಷ್ಟು ಹೊತ್ತು, ಎಷ್ಟು ಶಾಖ, ಯಾರು ನೋಡಿದರು ಎಂಬುದಕ್ಕೆ ಯಾವ ಪ್ರಮಾಣೀಕೃತ ನಿಯಮವೂ ಇಲ್ಲ. ಮಾಸಿನಲ್ಲಿ ಸೇರಿಕೊಂಡಿರಬಹುದಾದ ಕ್ಯಾಡ್ಮಿಯಂನಂಥ ಲೋಹಗಳಂತೂ ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ನೆವಾಡಾದ ಯಂಗ್-ಬೆನಿಶೆಕ್ ತಂಡ ಪರೀಕ್ಷಿಸಿದ ಮಾದರಿಗಳಲ್ಲಿ ಅವು ಅಪಾಯದ ಮಟ್ಟದಲ್ಲಿರಲಿಲ್ಲ, ಧೂಮಪಾನ ಮಾಡುವವರ ಮಾಸಿನಲ್ಲಿ ಹೆಚ್ಚಿರುತ್ತವೆ.

ಭಾರತದಲ್ಲಿ ಮಾಸನ್ನು ಆಸ್ಪತ್ರೆಯಿಂದ ಮನೆಗೆ ತರಬಹುದೇ?

ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016ರ ಪ್ರಕಾರ ಮನುಷ್ಯನ ಅಂಗಾಂಶ ಹಳದಿ ಚೀಲಕ್ಕೆ ಹೋಗಬೇಕು, ಅಲ್ಲಿಂದ ದಹನಕ್ಕೆ ಅಥವಾ ಆಳದ ಹೂಳುಗುಂಡಿಗೆ. ಹಾಗಾಗಿ ಕೇಳಿದರೆ ಸಾಮಾನ್ಯವಾಗಿ ಇಲ್ಲ ಎನ್ನುತ್ತಾರೆ. ಅಮೆರಿಕದ ಹವಾಯಿ, ಒರೆಗಾನ್, ಟೆಕ್ಸಸ್ ರಾಜ್ಯಗಳಲ್ಲಿ ಮನೆಗೆ ಒಯ್ಯಲು ಕಾನೂನೇ ಇದೆ.

ಮಾಸಿನಿಂದ ಮಾಡಿದ ಇಂಜೆಕ್ಷನ್, ಮುಲಾಮು ಇವೆಯಲ್ಲ? ಅವು ಔಷಧವಾದರೆ ಇದೇಕಲ್ಲ?

ಸಂಸ್ಕರಿಸಿದ ಸಾರಕ್ಕೂ ಅಡುಗೆಮನೆಯ ಪುಡಿಗೂ ಹೋಲಿಕೆಯಿಲ್ಲ. ಆ ಸಾರಕ್ಕೂ ಭಾರತ ಸರ್ಕಾರ 2011ರಲ್ಲಿ ಕಡಿವಾಣ ಹಾಕಿ, ಗಾಯಕ್ಕೆ ಹಚ್ಚುವುದು ಮತ್ತು ಕಿಬ್ಬೊಟ್ಟೆಯ ಉರಿಯೂತಕ್ಕೆ ಇಂಜೆಕ್ಷನ್ ಇವೆರಡನ್ನು ಬಿಟ್ಟು ಉಳಿದ ಬಳಕೆಗಳನ್ನು ನಿಷೇಧಿಸಿತು. ಜಪಾನಿನಲ್ಲಿ ಸೌಂದರ್ಯಕ್ಕೆಂದು ಮನುಷ್ಯರ ಮಾಸಿನ ಇಂಜೆಕ್ಷನ್ ಹಾಕಿಸಿಕೊಂಡವರಿಂದ ರಕ್ತದಾನ ಪಡೆಯುವುದಿಲ್ಲ.

ಸಸ್ಯಾಹಾರಿಗಳು ತಿನ್ನಬಹುದೇ?

ಯಾವ ಪ್ರಾಣಿಯನ್ನೂ ಕೊಲ್ಲದೆ ಸಿಗುವ ಏಕೈಕ ಮಾಂಸ ಎಂದು ವಾದಿಸುವವರಿದ್ದಾರೆ. ಈ ಪ್ರಶ್ನೆಯನ್ನು ನಾನು ನಿಮ್ಮ ಮನೆಯ ಹಿರಿಯರಿಗೆ ಬಿಡುತ್ತೇನೆ.

ಈಗಾಗಲೇ ತೆಗೆದುಕೊಳ್ಳುತ್ತಿದ್ದೇನೆ. ಏನು ಮಾಡಲಿ?

ನಿಲ್ಲಿಸಿ, ಗಾಬರಿಯಾಗಬೇಡಿ. ಮಕ್ಕಳ ವೈದ್ಯರಿಗೆ ಮುಚ್ಚಿಡದೆ ಹೇಳಿ. ಒರೆಗಾನ್‌ನಲ್ಲಿ ಸುಳಿವು ಸಿಕ್ಕಿದ್ದೇ ಅದರಿಂದ. ಮಗು ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ, ನರಳುತ್ತ ಉಸಿರಾಡಿದರೆ, ಮೈ 38 ಡಿಗ್ರಿ ಮುಟ್ಟಿದರೆ ಅಥವಾ ತಣ್ಣಗಾದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಎದೆಹಾಲು ನಿಲ್ಲಿಸಬೇಕಿಲ್ಲ.

ಮಗಳು ಹಟ ಹಿಡಿದರೆ?

ಅಸಹ್ಯಪಟ್ಟುಕೊಳ್ಳಬೇಡಿ. "ಛೀ" ಎಂದ ಕ್ಷಣ ಅವಳು ನಿಮ್ಮ ಉಳಿದ ಮಾತು ಕೇಳುವುದನ್ನು ನಿಲ್ಲಿಸುತ್ತಾಳೆ. ಹಾಲಿನ ಉತ್ತರ ಓದಿಸಿ, ಕಬ್ಬಿಣದ ಲೆಕ್ಕ ಹೇಳಿ, ರಾತ್ರಿಯ ಒಂದು ಸರದಿ ನೀವು ಎದ್ದಿದ್ದು ಅವಳನ್ನು ನಾಲ್ಕು ಗಂಟೆ ಮಲಗಿಸಿ.

ನನ್ನ ಪರಿಚಿತರು ಮಾಡಿದ್ದೂ ಅದನ್ನೇ. ಸೀಸೆಯನ್ನು ಎಸೆಯಲು ಮಗಳಿಗೆ ಮನಸ್ಸು ಬರಲಿಲ್ಲವಂತೆ, ತನ್ನ ಮೈಯದೇ ತುಂಡು ಎಂದು ಕಣ್ಣೀರು ಹಾಕಿದಳಂತೆ. ಕೊನೆಗೆ ಇಬ್ಬರೂ ಹಿತ್ತಲಿಗೆ ಹೋಗಿ, ಉಳಿದ ಗುಳಿಗೆಗಳನ್ನು ಒಂದೊಂದಾಗಿ ಬಿಚ್ಚಿ, ಪುಡಿಯನ್ನು ಮೊಣಕಾಲಾಳದ ಗುಂಡಿಗೆ ಸುರಿದು ಮಣ್ಣು ಮುಚ್ಚಿದರು. ಮೇಲೆ ಇಡಲು ಚಪ್ಪಡಿ ಸಿಗಲಿಲ್ಲವೆಂದು ಅಳಿಯ ಗ್ಯಾರೇಜಿನಿಂದ ಒಂದು ಟೈಲ್ಸ್ ತಂದುಕೊಟ್ಟನಂತೆ.